ನಲವತ್ತು ಡಾಲರಿನಲ್ಲಿ ಒಂದು ವರ್ಷ: ಮಲಾವಿಯ ಆರೋಗ್ಯದ ಲೆಕ್ಕ

ಒಂದು ಓಆರ್‌ಎಸ್ ಪೊಟ್ಟಣದಲ್ಲಿರುವ ಪುಡಿಯ ತೂಕ 20.5 ಗ್ರಾಂ. ಅದರಲ್ಲಿ 13.5 ಗ್ರಾಂ ಗ್ಲೂಕೋಸ್, 2.9 ಗ್ರಾಂ ಸಿಟ್ರೇಟ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಒಂದು ಲೀಟರ್ ಶುದ್ಧ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಾ ಹೋದರೆ ಕಾಲರಾ ಹಿಡಿದ ಬಹುಪಾಲು ಜನ ಎದ್ದು ಕೂರುತ್ತಾರೆ. ಕಣ್ಣು ಗುಳಿಬಿದ್ದು ನಾಡಿ ಸಿಗದಷ್ಟು ಬಸವಳಿದವರಿಗೆ ಡ್ರಿಪ್ ಹಾಕಬೇಕು. ಪ್ರತಿ ಕಿಲೋ ದೇಹತೂಕಕ್ಕೆ 100 ಮಿಲಿಲೀಟರ್ ಲೆಕ್ಕ. 50 ಕಿಲೋ ತೂಗುವ ಹೆಂಗಸಿಗೆ 5 ಲೀಟರ್, ಅದೂ ಮೂರೇ ಗಂಟೆಯಲ್ಲಿ. ಅದರಲ್ಲಿ ಒಂದೂವರೆ ಲೀಟರ್ ಮೊದಲ ಅರ್ಧ ಗಂಟೆಯೊಳಗೇ ಒಳಗೆ ಹೋಗಬೇಕು. ಇಷ್ಟು ಸಮಯಕ್ಕೆ ಸಿಕ್ಕರೆ ಕಾಲರಾದಲ್ಲಿ ನೂರಕ್ಕೆ ಒಬ್ಬರೂ ಸಾಯಬಾರದು. ಜಗತ್ತಿನ ವೈದ್ಯರು ಒಪ್ಪಿಕೊಂಡಿರುವ ಗೆರೆ ಅದು, ಶೇ. 1ರ ಕೆಳಗೆ.

ಆಗ್ನೇಯ ಆಫ್ರಿಕಾದ ಮಲಾವಿ ದೇಶದಲ್ಲಿ 2022ರ ಮಾರ್ಚ್ 3ರಂದು ಕಾಲರಾ ಹಾವಳಿಯ ಘೋಷಣೆಯಾಯಿತು. ದಕ್ಷಿಣದ ಮಚಿಂಗಾ ಜಿಲ್ಲೆಯಲ್ಲಿ ಕಾಣಿಸಿಕೊಂಡದ್ದು ಮಳೆಗಾಲ ಮುಗಿದರೂ ನಿಲ್ಲದೆ 29 ಆರೋಗ್ಯ ಜಿಲ್ಲೆಗಳಿಗೂ ಹಬ್ಬಿತು. ಅದು ತಣ್ಣಗಾಗುವ ಹೊತ್ತಿಗೆ ರೋಗ ತಗುಲಿದವರು ಸುಮಾರು 59,000, ಸತ್ತವರು 1,768. ನೂರಕ್ಕೆ ಮೂವರು. ಒಪ್ಪಿತ ಗೆರೆಯೊಳಗೇ ನಿಂತಿದ್ದರೆ ಸಾವು 590 ದಾಟುತ್ತಿರಲಿಲ್ಲ. ಉಳಿದ ಸುಮಾರು 1,180 ಜನರನ್ನು ಯಾವ ಖಾತೆಗೆ ಬರೆಯುವುದು? ಕೆಲವರು ಮನೆಯಲ್ಲೇ ತೀರಿಕೊಂಡರು, ಕೆಲವರು ದಾರಿಯಲ್ಲಿ, ಕೆಲವರು ಚಿಕಿತ್ಸಾ ಶಿಬಿರದ ಬಾಗಿಲು ಮುಟ್ಟಿ ಕೆಲವೇ ಗಂಟೆಗಳಲ್ಲಿ. ಅವರ ಮತ್ತು ಆ 20 ಗ್ರಾಂ ಪುಡಿಯ ನಡುವೆ ಇದ್ದದ್ದು ಮಣ್ಣಿನ ರಸ್ತೆ, ಕೊಚ್ಚಿಹೋದ ಸೇತುವೆ, ಬಸ್ಸಿಗಿಲ್ಲದ ದುಡ್ಡು.

ಈ ದೇಶದ ಲೆಕ್ಕವನ್ನು ನಾನು ಬಹಳ ದಿನದಿಂದ ಹಿಂಬಾಲಿಸುತ್ತಿದ್ದೇನೆ. ಕಾರಣ, ಬಡ ದೇಶದಲ್ಲಿ ರೋಗಕ್ಕೆ ಎಷ್ಟು ಖರ್ಚಾಗುತ್ತದೆ, ಆ ಖರ್ಚು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಸೋರಿಹೋಗುತ್ತದೆ ಎನ್ನುವುದು ಮಲಾವಿಯಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದು ಅಪರೂಪ.

ದೇಶದ ವಿಸ್ತಾರ 1,18,484 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಅದರಲ್ಲೂ ಐದನೇ ಒಂದು ಭಾಗ ಮಲಾವಿ ಸರೋವರದ ನೀರು. 2018ರ ಜನಗಣತಿಯಲ್ಲಿ ಇದ್ದವರು 1.75 ಕೋಟಿ, ಈಗ ಎರಡು ಕೋಟಿ ದಾಟಿದ್ದಾರೆ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಹಳ್ಳಿಯವರು, ಮೆಕ್ಕೆಜೋಳ ನೆಚ್ಚಿದವರು. ನಮ್ಮ ರಾಗಿಮುದ್ದೆಯಂತೆ ಅವರಿಗೆ ಮೆಕ್ಕೆಜೋಳದ ಹಿಟ್ಟಿನ ಎನ್‌ಸಿಮಾ. ಇಲ್ಲಿ ಸರ್ಕಾರ, ದಾನಿ ದೇಶಗಳು, ಚರ್ಚಿನ ಆಸ್ಪತ್ರೆಗಳು, ಜನರ ಸ್ವಂತ ಜೇಬು ಎಲ್ಲ ಸೇರಿಸಿದರೂ ಒಬ್ಬ ಮನುಷ್ಯನ ಆರೋಗ್ಯಕ್ಕೆ ವರ್ಷಕ್ಕೆ ಖರ್ಚಾಗುವುದು ಸುಮಾರು 40 ಡಾಲರ್. ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ರೂಪಾಯಿಯ ಆಸುಪಾಸು. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಒಂದು ರಾತ್ರಿಯ ರೂಮಿಗೆ ಇದಕ್ಕಿಂತ ಹೆಚ್ಚು ತೆರುವುದುಂಟು. ಹೆರಿಗೆ, ಲಸಿಕೆ, ಮಲೇರಿಯಾ, ಎಚ್‌ಐವಿ, ಮುರಿದ ಕಾಲು, ನರ್ಸಿನ ಸಂಬಳ, ಆಂಬುಲೆನ್ಸಿನ ಡೀಸೆಲ್, ಎಲ್ಲವೂ ಅಷ್ಟರಲ್ಲೇ ಆಗಬೇಕು. ಆ ನಲವತ್ತರಲ್ಲೂ ಅರ್ಧಕ್ಕಿಂತ ಹೆಚ್ಚು ಹೊರದೇಶದ ದಾನಿಗಳದು.

ಆ ದುಡ್ಡಿನ ದೊಡ್ಡ ತುತ್ತು ಹೋಗುವುದು ಎಚ್‌ಐವಿಗೆ. 2004ರಲ್ಲಿ ಮಲಾವಿ ಉಚಿತ ಚಿಕಿತ್ಸೆ ಶುರುಮಾಡಿದಾಗ ಔಷಧಿ ಸಿಗುತ್ತಿದ್ದವರು ಬರೀ ಕೆಲವು ಸಾವಿರ ಜನ. 2020-21ರ ಹೊತ್ತಿಗೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಒಂಬತ್ತು ಜನರಿಗೆ ಎಚ್‌ಐವಿ ಇತ್ತು. ಸಂಖ್ಯೆಯಲ್ಲಿ ಒಂಬತ್ತು ಲಕ್ಷಕ್ಕೂ ಮಿಕ್ಕಿ. 2020-21ರಲ್ಲಿ ಮನೆ ಮನೆಗೆ ಹೋಗಿ ರಕ್ತ ಪರೀಕ್ಷಿಸಿದ ದೊಡ್ಡ ಸಮೀಕ್ಷೆಯ ಪ್ರಕಾರ, ಸೋಂಕಿತ ವಯಸ್ಕರಲ್ಲಿ ಶೇ. 88 ಜನರಿಗೆ ತಮಗೆ ಸೋಂಕಿರುವುದು ಗೊತ್ತು; ಗೊತ್ತಿರುವವರಲ್ಲಿ ಶೇ. 98 ಜನ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ತೆಗೆದುಕೊಳ್ಳುವವರಲ್ಲಿ ಶೇ. 97 ಜನರ ರಕ್ತದಲ್ಲಿ ವೈರಸ್ ಅಡಗಿದೆ. ಶ್ರೀಮಂತ ದೇಶಗಳಲ್ಲೂ ಎಷ್ಟೋ ಕಡೆ ಇಂಥ ಅಂಕಿ ಸಿಗುವುದಿಲ್ಲ.

ಇದು ಆದದ್ದು ಹೇಗೆ ಎನ್ನುವುದರಲ್ಲಿ ಒಂದು ಪಾಠವಿದೆ. 2011ಕ್ಕೂ ಮುಂಚಿನ ನಿಯಮದಂತೆ ಸೋಂಕಿರುವ ಗರ್ಭಿಣಿಗೆ ಜೀವನಪೂರ್ತಿ ಔಷಧಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ಸಿಡಿ4 ಎಂಬ ರಕ್ತಕಣಗಳನ್ನು ಎಣಿಸಬೇಕಿತ್ತು. ಎಣಿಸುವ ಯಂತ್ರ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಎಲ್ಲಿಂದ ಬರಬೇಕು? ಮಾದರಿ ಪಟ್ಟಣಕ್ಕೆ ಹೋಗಿ ಫಲಿತಾಂಶ ತಿರುಗಿ ಬರುವಷ್ಟರಲ್ಲಿ ಹೆರಿಗೆಯೇ ಆಗಿಹೋಗಿರುತ್ತಿತ್ತು. 2011ರಲ್ಲಿ ಮಲಾವಿಯ ಆರೋಗ್ಯ ಇಲಾಖೆ ಎಣಿಕೆಯ ಷರತ್ತನ್ನೇ ತೆಗೆದುಹಾಕಿತು. ಸೋಂಕಿರುವ ಪ್ರತಿ ಗರ್ಭಿಣಿಗೂ, ಹಾಲೂಡಿಸುವ ತಾಯಿಗೂ ಅವತ್ತಿನಿಂದಲೇ, ಬದುಕಿರುವವರೆಗೆ ಔಷಧಿ. ಅದಕ್ಕೂ ಮೊದಲು ಮೂರು ತಿಂಗಳಿಗೆ 1,257 ತಾಯಂದಿರು ಚಿಕಿತ್ಸೆಗೆ ಸೇರುತ್ತಿದ್ದರು. 2012ರ ಮೂರನೇ ತ್ರೈಮಾಸಿಕದಲ್ಲಿ ಸೇರಿದವರು 10,663. ಎಂಟು ಪಟ್ಟಿಗೂ ಹೆಚ್ಚು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಇದೇ ದಾರಿಯನ್ನು ಒಪ್ಪಿಕೊಂಡಿತು. ಯಂತ್ರವಿಲ್ಲದ ದೇಶ ಮಾಡಿದ ನಿಯಮವನ್ನು ಯಂತ್ರವಿದ್ದ ದೇಶಗಳೂ ಹಿಡಿದವು. ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಇದೆಲ್ಲ ಸಾಧ್ಯವಾದದ್ದು ಔಷಧಿ ಅಗ್ಗವಾದ್ದರಿಂದ. ಒಂದು ಕಾಲಕ್ಕೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರುತ್ತಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 2001ರಲ್ಲಿ ಮುಂಬೈಯ ಸಿಪ್ಲಾ 350 ಡಾಲರಿಗೆ ಕೊಡುವುದಾಗಿ ಹೇಳಿತು. 2017ರಲ್ಲಿ ದಿನಕ್ಕೊಂದೇ ಮಾತ್ರೆಯ ಹೊಸ ಔಷಧಿಗೆ 75 ಡಾಲರ್ ಬೆಲೆ ಗೊತ್ತಾಯಿತು. 2023ರಲ್ಲಿ ಅದು 45 ಡಾಲರಿಗೂ ಕೆಳಗಿಳಿಯಿತು. ತಯಾರಕರಲ್ಲಿ ಹೆಚ್ಚಿನವರು ಭಾರತದವರೇ. ಒಂಬತ್ತು ಲಕ್ಷ ಜನರಿಗೆ 45 ಡಾಲರಿನಂತೆ ಗುಣಿಸಿದರೆ ಇಡೀ ದೇಶದ ವರ್ಷದ ಮಾತ್ರೆಯ ಬಿಲ್ಲು 4 ಕೋಟಿ ಡಾಲರ್ ಚಿಲ್ಲರೆ.

ಆದರೆ ಮಾತ್ರೆಯ ಬೆಲೆ ಡಾಲರಿನಲ್ಲಿ, ಸರ್ಕಾರದ ತೆರಿಗೆ ಬರುವುದು ಅಲ್ಲಿನ ಹಣವಾದ ಕ್ವಾಚಾದಲ್ಲಿ. 2023ರ ನವೆಂಬರಿನಲ್ಲಿ ಮಲಾವಿಯ ರಿಸರ್ವ್ ಬ್ಯಾಂಕ್ ಡಾಲರಿಗೆ ಸುಮಾರು 1,180 ಇದ್ದ ಕ್ವಾಚಾವನ್ನು ಒಂದೇ ಏಟಿಗೆ 1,700ಕ್ಕೆ ಇಳಿಸಿತು. ಹಿಂದಿನ ದಿನ 53,100 ಕ್ವಾಚಾ ಆಗುತ್ತಿದ್ದ ಅದೇ 45 ಡಾಲರಿನ ಔಷಧಿ ಮರುದಿನ 76,500 ಕ್ವಾಚಾ. ರೋಗಿ ಅದೇ, ಮಾತ್ರೆ ಅದೇ, ನರ್ಸಿನ ಸಂಬಳವೂ ಅದೇ. ಅದಕ್ಕೆ ಒಂದೂವರೆ ವರ್ಷ ಮುಂಚೆ, 2022ರ ಮೇ ತಿಂಗಳಲ್ಲಿ, ಇನ್ನೊಂದು ಶೇ. 25ರ ಅಪಮೌಲ್ಯ ಆಗಿತ್ತು. ಬಡ ದೇಶದ ಆರೋಗ್ಯ ಬಜೆಟ್ ಹೆಚ್ಚಾಯಿತು ಎಂಬ ಸುದ್ದಿ ಬಂದಾಗ ಯಾವ ಹಣದಲ್ಲಿ ಹೆಚ್ಚಾಯಿತು ಎಂದು ಕೇಳಿಯೇ ಮುಂದೆ ಹೋಗಬೇಕು.

ಮಲೇರಿಯಾಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಕರಣ, ಏಳು ಸಾವಿರದಷ್ಟು ಸಾವು. ಐದು ಜನರಲ್ಲಿ ಒಬ್ಬರಿಗೆ ವರ್ಷಕ್ಕೊಮ್ಮೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಕಷ್ಟದ್ದಲ್ಲ. ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಪ್ಲಾಸ್ಟಿಕ್ ಪಟ್ಟಿಯ ಕುಳಿಗೆ ಬಿಟ್ಟು, ಪಕ್ಕದ ಕುಳಿಗೆ ದ್ರಾವಣದ ಹನಿ ಹಾಕಿ ಹದಿನೈದು ಇಪ್ಪತ್ತು ನಿಮಿಷ ಕಾದರೆ ಗೆರೆ ಮೂಡುತ್ತದೆ. ಒಂದು ಗೆರೆಯಾದರೆ ಮಲೇರಿಯಾ ಇಲ್ಲ, ಎರಡಾದರೆ ಇದೆ. ಆ ಪಟ್ಟಿಗೆ ಅರ್ಧ ಡಾಲರೂ ಆಗುವುದಿಲ್ಲ. ಮಗುವಿಗೆ ಕೊಡುವ ಮೂರು ದಿನದ ಮಾತ್ರೆಗೆ ಒಂದು ಡಾಲರಿನೊಳಗೆ. ಸಮಯಕ್ಕೆ ಸಿಕ್ಕರೆ ಅಲ್ಲಿಗೆ ಮುಗಿಯಿತು.

ಸಮಯಕ್ಕೆ ಸಿಗದಿದ್ದರೆ ಲೆಕ್ಕದ ಗಾತ್ರವೇ ಬದಲಾಗುತ್ತದೆ. ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಕೇಂದ್ರ ಆಸ್ಪತ್ರೆಯಲ್ಲಿ ದಶಕಗಳ ಕಾಲ ಮಿದುಳು ಮಲೇರಿಯಾದ ಮಕ್ಕಳನ್ನು ನೋಡಿಕೊಂಡ ಟೆರ್ರಿ ಟೇಲರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನದಲ್ಲಿ 168 ಮಕ್ಕಳಿದ್ದರು. ತೀರಿಕೊಂಡ 25 ಮಕ್ಕಳಲ್ಲಿ 21 ಮಕ್ಕಳ ಮಿದುಳು ಕಪಾಲದೊಳಗೆ ಜಾಗ ಸಾಲದಷ್ಟು ಊದಿತ್ತು. ಬದುಕುಳಿದ 143ರಲ್ಲಿ ಹಾಗೆ ಊದಿದ್ದು 39 ಮಕ್ಕಳಲ್ಲಿ ಮಾತ್ರ. ಊತ ಇಳಿಯುವವರೆಗೆ ಉಸಿರಾಡಿಸುವ ವೆಂಟಿಲೇಟರ್ ಸಿಕ್ಕಿದ್ದರೆ ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರೇನೋ. ಅರ್ಧ ಡಾಲರಿನ ಪಟ್ಟಿ ತಪ್ಪಿದಲ್ಲಿ ಸಾವಿರಾರು ಡಾಲರಿನ ಯಂತ್ರ ಬೇಕಾಗುತ್ತದೆ, ಆ ಯಂತ್ರ ಆಗ ಅಲ್ಲಿ ಸಿಗುತ್ತಿರಲಿಲ್ಲ.

ಮಲೇರಿಯಾದ ಔಷಧಿಯ ಬಗ್ಗೆ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. ಕ್ಲೋರೋಕ್ವಿನ್ ಕೆಲಸ ಮಾಡುವುದು ನಿಂತಿತೆಂದು ಆಫ್ರಿಕಾದಲ್ಲಿ ಮೊದಲು ಒಪ್ಪಿಕೊಂಡು 1993ರಲ್ಲಿ ಅದನ್ನು ಕೈಬಿಟ್ಟ ದೇಶ ಮಲಾವಿ. ಅಗ್ಗದ ಔಷಧಿಯನ್ನು ಬಿಡುವುದು ಬಡ ದೇಶಕ್ಕೆ ಸುಲಭದ ಮಾತಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಬ್ಲಾಂಟೈರಿನ ಎನ್‌ಡಿರಾಂಡೆ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ 210 ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದರೆ, ಕ್ಲೋರೋಕ್ವಿನ್ ಶೇ. 99 ಮಕ್ಕಳಲ್ಲಿ ಕೆಲಸ ಮಾಡಿತು. ಅದರ ಬದಲಿಗೆ ತಂದ ಎಸ್‌ಪಿ ಎಂಬ ಔಷಧಿ ಕೆಲಸ ಮಾಡಿದ್ದು ಶೇ. 21ರಲ್ಲಿ. ಬೀಳು ಬಿಟ್ಟ ಹೊಲದಲ್ಲಿ ಹಳೆಯ ತಳಿ ಮತ್ತೆ ತಲೆ ಎತ್ತುವ ಹಾಗೆ, ಔಷಧಿಯ ಕಾಟ ತಪ್ಪಿದ ಮೇಲೆ ಅದಕ್ಕೆ ಮಣಿಯುವ ಪರಾವಲಂಬಿಗಳೇ ತಿರುಗಿ ಬಂದಿದ್ದವು. ಹಾಗಂತ ಹಳೆಯದಕ್ಕೆ ಮರಳಲಿಲ್ಲ. 2007ರಲ್ಲಿ ಆರ್ಟಿಮಿಸಿನಿನ್ ಬೆರೆತ ಜೋಡಿ ಔಷಧಿ ಬಂತು.

ಮಲೇರಿಯಾ ಲಸಿಕೆಯನ್ನು ಸಾಮಾನ್ಯ ಲಸಿಕಾ ಕಾರ್ಯಕ್ರಮದಲ್ಲಿ ಪ್ರಯೋಗವಾಗಿ ಜಗತ್ತಿನಲ್ಲೇ ಮೊದಲು ಕೊಟ್ಟದ್ದೂ ಇಲ್ಲೇ, 2019ರ ಏಪ್ರಿಲ್ 23ರಂದು. ಆ ಲಸಿಕೆ ಡೋಸಿಗೆ 9.30 ಯೂರೋ ಇತ್ತು, ನಾಲ್ಕು ಡೋಸಿಗೆ 37 ಯೂರೋ ಮೀರುತ್ತಿತ್ತು, ಅಂದರೆ ಒಬ್ಬನ ವರ್ಷದ ಆರೋಗ್ಯ ಖರ್ಚಿನಷ್ಟು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಇನ್ನೊಂದು ಲಸಿಕೆ ಡೋಸಿಗೆ 4 ಡಾಲರಿನೊಳಗೆ ಬಂದ ಮೇಲೆ ಲೆಕ್ಕ ಸ್ವಲ್ಪ ಹಿಡಿತಕ್ಕೆ ಸಿಕ್ಕಿತು.

ಟೈಫಾಯ್ಡ್ ವಿಷಯದಲ್ಲಿ ನಮ್ಮ ಉಪಖಂಡದ ನಂಟು ಇನ್ನೂ ಹತ್ತಿರದ್ದು. 1998ರಿಂದ 2010ರವರೆಗೆ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ವರ್ಷಕ್ಕೆ ಸರಾಸರಿ 14 ಟೈಫಾಯ್ಡ್ ಪ್ರಕರಣ ಸಿಗುತ್ತಿದ್ದವು. 2011ರಲ್ಲಿ 67, 2012ರಲ್ಲಿ 186, 2013ರಲ್ಲಿ 843. ಹಲವು ಔಷಧಿಗಳಿಗೆ ಬಗ್ಗದ ತಳಿಯ ಪಾಲು ಶೇ. 7ರಿಂದ ಶೇ. 97ಕ್ಕೆ ಏರಿತು. ಎಚ್58 ಎಂದು ಕರೆಯುವ ಈ ತಳಿ ಹುಟ್ಟಿದ್ದು ದಕ್ಷಿಣ ಏಷ್ಯಾದಲ್ಲಿ. ಅದನ್ನು ತಡೆಯಲು ಬ್ಲಾಂಟೈರಿನಲ್ಲಿ 28,130 ಮಕ್ಕಳ ಮೇಲೆ ಪರೀಕ್ಷಿಸಿದ ಲಸಿಕೆ ಹೈದರಾಬಾದಿನ ಭಾರತ್ ಬಯೋಟೆಕ್‌ನದು. ಒಂದೇ ಚುಚ್ಚುಮದ್ದು ಶೇ. 80ರ ಮೇಲೆ ರಕ್ಷಣೆ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಅದು ದೇಶದಾದ್ಯಂತ ಮಕ್ಕಳಿಗೆ ಸಿಗತೊಡಗಿತು.

ಎಲ್ಲ ಖರ್ಚೂ ಫಲ ಕೊಡುವುದಿಲ್ಲ, ಅದನ್ನೂ ಬರೆದಿಡಬೇಕು. ಒಲೆಯ ಹೊಗೆಯಿಂದ ಮಕ್ಕಳಿಗೆ ನ್ಯುಮೋನಿಯಾ ಬರುತ್ತದೆಂದು ಹೊಗೆ ಕಡಿಮೆ ಮಾಡುವ ಒಲೆಗಳನ್ನು 150 ಹಳ್ಳಿಗಳಲ್ಲಿ, 10,750 ಮಕ್ಕಳಿರುವ ಮನೆಗಳಲ್ಲಿ ಪರೀಕ್ಷಿಸಿದರು. ಹೊಸ ಒಲೆಯ ಮನೆಗಳಲ್ಲಿ ನೂರು ಮಕ್ಕಳಿಗೆ ವರ್ಷಕ್ಕೆ 15.76 ನ್ಯುಮೋನಿಯಾ, ಹಳೆಯ ಒಲೆಯ ಮನೆಗಳಲ್ಲಿ 15.58. ವ್ಯತ್ಯಾಸವೇ ಇಲ್ಲ.

ಔಷಧಿ, ಲಸಿಕೆ ಕೊಳ್ಳಬಹುದು. ಕೊಡುವ ಕೈಗಳು? ವೈದ್ಯಕೀಯ ಕಾಲೇಜು ಮಲಾವಿಯಲ್ಲಿ ಶುರುವಾದದ್ದೇ 1991ರಲ್ಲಿ. ಕಲಿತವರಲ್ಲಿ ಹಲವರು, ನರ್ಸುಗಳಂತೂ ದೊಡ್ಡ ಸಂಖ್ಯೆಯಲ್ಲಿ, ಬ್ರಿಟನ್ನಿಗೆ ಹೋದರು. 2004ರಲ್ಲಿ ದೇಶ ತುರ್ತು ಸಿಬ್ಬಂದಿ ಕಾರ್ಯಕ್ರಮ ಹಮ್ಮಿಕೊಂಡಿತು: ಸಂಬಳದ ಮೇಲೆ ಶೇ. 52ರಷ್ಟು ಹೆಚ್ಚುವರಿ, ತರಬೇತಿ ಶಾಲೆಗಳ ವಿಸ್ತರಣೆ, ಆರು ವರ್ಷಕ್ಕೆ 27.2 ಕೋಟಿ ಡಾಲರ್. 2004ರಲ್ಲಿ 5,453 ಇದ್ದ ವೃತ್ತಿಪರ ಆರೋಗ್ಯ ಸಿಬ್ಬಂದಿ 2009ಕ್ಕೆ 8,369 ಆದರು. ಆದರೂ ಡಾಕ್ಟರುಗಳ ಕೊರತೆ ತುಂಬಲಿಲ್ಲ. ಅವರ ಜಾಗದಲ್ಲಿ ನಿಂತದ್ದು ಕ್ಲಿನಿಕಲ್ ಆಫೀಸರುಗಳು. ಎಂಬಿಬಿಎಸ್ ಓದಿದವರಲ್ಲ, ಆದರೆ ಸಿಸೇರಿಯನ್ ಮಾಡಬಲ್ಲವರು. 38 ಆಸ್ಪತ್ರೆಗಳಲ್ಲಿ ನಡೆದ 2,131 ಹೆರಿಗೆ ಶಸ್ತ್ರಚಿಕಿತ್ಸೆಗಳನ್ನು ಲೆಕ್ಕ ಹಾಕಿದಾಗ 1,875ನ್ನು ಮಾಡಿದ್ದು ಇವರೇ. ಫಲಿತಾಂಶದಲ್ಲಿ ಡಾಕ್ಟರಿಗೂ ಇವರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ಹಳ್ಳಿಯಲ್ಲಿ ಮಲೇರಿಯಾದ ಪಟ್ಟಿ, ಓಆರ್‌ಎಸ್, ನೀರಿಗೆ ಹಾಕುವ ಕ್ಲೋರಿನ್ ಹೊತ್ತು ತಿರುಗುವವರು ಎಚ್‌ಎಸ್‌ಎ ಎಂದು ಕರೆಯಲ್ಪಡುವ ಆರೋಗ್ಯ ಸಹಾಯಕರು. ಸಾವಿರ ಜನಕ್ಕೊಬ್ಬರು ಎಂಬುದು ಗುರಿ. ನಮ್ಮ ಆಶಾ ಕಾರ್ಯಕರ್ತೆಯರ ಕೆಲಸವೇ, ಆದರೆ ಒಂದು ವ್ಯತ್ಯಾಸ: ಅಲ್ಲಿ ಅವರು ಸಂಬಳದ ಸರ್ಕಾರಿ ನೌಕರರು. ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದ ನಮ್ಮ ಹೆಣ್ಣುಮಕ್ಕಳನ್ನು ನೆನೆದಾಗ ಈ ಒಂದು ಸಾಲು ನನಗೆ ಚುಚ್ಚುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಮಲಾವಿಯ ರೋಗಿ ದುಡ್ಡು ಕೊಡಬೇಕಾಗಿಲ್ಲ. ಆದರೆ ಉಚಿತಕ್ಕೂ ಖರ್ಚಿದೆ. ರಾಜಧಾನಿ ಲಿಲಾಂಗ್ವೆಯಲ್ಲಿ ಕ್ಷಯ ಪತ್ತೆಯಾಗುವವರೆಗೆ ರೋಗಿಗಳು ಮಾಡಿದ ಖರ್ಚನ್ನು ಸಂಶೋಧಕರು ಲೆಕ್ಕ ಹಾಕಿದ್ದರು. 2007ರಲ್ಲಿ ಅದು ಪ್ರಕಟವಾಯಿತು. ಬಸ್ಸು, ಊಟ, ಅಲ್ಲಿ ಇಲ್ಲಿ ಕೊಂಡ ಔಷಧಿ ಸೇರಿ ಸರಾಸರಿ 13 ಡಾಲರ್, ಅಂದರೆ 18 ದಿನದ ದುಡಿಮೆ. ಅದರ ಮೇಲೆ ಕೆಲಸ ತಪ್ಪಿದ್ದು 22 ದಿನ. ಕಳೆದುಕೊಂಡ ಕೂಲಿಯನ್ನೂ ಸೇರಿಸಿದರೆ ಬಡವರಿಗೆ ಅದು ತಿಂಗಳ ಆದಾಯದ ಶೇ. 248. ಇನ್ನೂ ರೋಗ ಇದು ಎಂದು ಹೇಳುವುದಕ್ಕೇ ಇಷ್ಟು; ಚಿಕಿತ್ಸೆ ಆಮೇಲಿನ ಮಾತು. ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಜೊತೆಗೊಬ್ಬರು ಇರಲೇಬೇಕು. ಅಕ್ಕನೋ ಅತ್ತೆಯೋ ಗಂಟುಮೂಟೆ ಕಟ್ಟಿಕೊಂಡು ಬಂದು, ಆಸ್ಪತ್ರೆಯ ಆವರಣದಲ್ಲಿ ಸೌದೆ ಒಟ್ಟಿ ಎನ್‌ಸಿಮಾ ಬೇಯಿಸಿ, ರೋಗಿಗೆ ತಿನ್ನಿಸಿ, ಬಟ್ಟೆ ಒಗೆಯುತ್ತಾರೆ. ಆ ಹೆಂಗಸಿನ ಹೊಲದಲ್ಲಿ ಅಷ್ಟು ದಿನ ಕಳೆ ಬೆಳೆಯುತ್ತದೆ. ಆ ಕಳೆಯ ನಷ್ಟ ನಲವತ್ತು ಡಾಲರಿನ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಇಷ್ಟಾದರೂ ಆದದ್ದನ್ನು ನೋಡಿ. ಐದು ವರ್ಷದೊಳಗಿನ ಸಾವು 1992ರಲ್ಲಿ ಸಾವಿರಕ್ಕೆ 234 ಇತ್ತು, 2015-16ರಲ್ಲಿ 63. ತಾಯಂದಿರ ಸಾವು 2004ರ ಸಮೀಕ್ಷೆಯಲ್ಲಿ ಲಕ್ಷಕ್ಕೆ 984, 2010ರಲ್ಲಿ 675, 2015-16ರಲ್ಲಿ 439. ಆನೆಕಾಲು ರೋಗ 2020ರಲ್ಲಿ, ಕುರುಡು ತರುವ ಟ್ರಕೋಮಾ 2022ರಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿರ್ಮೂಲವಾದವು. ಹಿಂದುಳಿದದ್ದೂ ಇದೆ: ಗರ್ಭಕೊರಳಿನ ಕ್ಯಾನ್ಸರಿನಿಂದ ಸಾಯುವ ಹೆಂಗಸರ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನ ದೇಶಗಳಲ್ಲಿ ಮಲಾವಿ ಒಂದು. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಶುರುವಾದದ್ದು 2019ರಲ್ಲಿ. ಅದರ ಫಲ ಕಾಣಲು ಇನ್ನೂ ದಶಕಗಳು ಬೇಕು.

ಸತ್ತೇಹೋಗುತ್ತಿದ್ದ ಎಳೆಗೂಸುಗಳ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ದಿನ ತುಂಬದೆ ಹುಟ್ಟಿದ ಕೂಸಿನ ಶ್ವಾಸಕೋಶ ಪ್ರತಿ ಉಸಿರಿಗೂ ಮುದುಡಿಕೊಳ್ಳುತ್ತದೆ. ಮೂಗಿನಿಂದ ಸಣ್ಣ ಒತ್ತಡದಲ್ಲಿ ಗಾಳಿ ಬಿಡುತ್ತಿದ್ದರೆ ಅದು ತೆರೆದೇ ಇರುತ್ತದೆ. ಶ್ರೀಮಂತ ಆಸ್ಪತ್ರೆಯ ಯಂತ್ರಕ್ಕೆ ಸಾವಿರಾರು ಡಾಲರ್. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು ಬಳಸಿ ಇದರ ಮೊದಲ ಮಾದರಿ ಮಾಡಿದರು. ಪಂಪಿನ ಗಾಳಿ ಕೂಸಿನ ಮೂಗಿನ ನಳಿಕೆಗೆ ಹೋಗುತ್ತದೆ. ನಳಿಕೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಆರು ಸೆಂಟಿಮೀಟರ್ ಆಳ ಮುಳುಗಿಸಿದರೆ ಆರು ಸೆಂಟಿಮೀಟರಿನ ಒತ್ತಡ. ನೀರು ಗುಳುಗುಳು ಎನ್ನುತ್ತಿದ್ದರೆ ಗಾಳಿ ಹೋಗುತ್ತಿದೆ ಎಂದರ್ಥ. ಸದ್ದು ನಿಂತರೆ ನರ್ಸು ಎದ್ದು ಬರುತ್ತಾಳೆ. ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಬರೀ ಆಮ್ಲಜನಕ ಪಡೆದ 25 ಕೂಸುಗಳಲ್ಲಿ ಉಳಿದದ್ದು 11. ಗುಳುಗುಳು ಬಾಟಲಿಯ ಪಕ್ಕ ಮಲಗಿದ 62ರಲ್ಲಿ ಉಳಿದದ್ದು 44. ಶೇ. 44ರಿಂದ ಶೇ. 71ಕ್ಕೆ.

2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಪ್ರಾಣ ಉಳಿಸುವ ಔಷಧಿಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಮಲಾವಿಯಲ್ಲಿ ರಕ್ತ ಪರೀಕ್ಷಿಸುವವರು, ಔಷಧಿ ಬಿಟ್ಟವರನ್ನು ಹುಡುಕಿಕೊಂಡು ಮನೆಗೆ ಹೋಗುವವರು, ದಾಖಲೆ ಬರೆಯುವವರು, ಇವರಲ್ಲಿ ಹಲವರ ಸಂಬಳ ಆ ದುಡ್ಡಿನಿಂದಲೇ ಬರುತ್ತಿತ್ತು. ಅವರು ಕೆಲಸ ಕಳೆದುಕೊಂಡರು. ಇಪ್ಪತ್ತು ವರ್ಷದಲ್ಲಿ ಒಂದೊಂದೇ ಇಟ್ಟಿಗೆಯಾಗಿ ಕಟ್ಟಿದ್ದನ್ನು ಕೆಲವೇ ವಾರಗಳಲ್ಲಿ ಸಡಿಲಿಸುವುದು ನನ್ನ ಪ್ರಕಾರ ಅನ್ಯಾಯ. 4 ಕೋಟಿ ಡಾಲರ್ ಮಾತ್ರೆ ಗೋದಾಮಿಗೆ ಬಂದರೂ, ಈ ಜನ ಇಲ್ಲದಿದ್ದರೆ ಅದು ಗೋದಾಮಿನಲ್ಲೇ ಇರುತ್ತದೆ.

ಮಲಾವಿಯಲ್ಲಿ ಪ್ರತಿ ರೋಗಿಯ ಕೈಯಲ್ಲೂ ಒಂದು ಪುಟ್ಟ ಪುಸ್ತಕ ಇರುತ್ತದೆ, ಹೆಲ್ತ್ ಪಾಸ್‌ಪೋರ್ಟ್ ಎಂದು ಹೆಸರು. ಆಸ್ಪತ್ರೆ ತನ್ನ ಕಡತದಲ್ಲಿ ಇಟ್ಟುಕೊಳ್ಳುವುದು ಕಡಿಮೆ. ರೋಗಿಯೇ ತನ್ನ ಚರಿತ್ರೆಯನ್ನು ಮನೆಗೆ ಒಯ್ದು ತಿರುಗಿ ತರಬೇಕು. ಮಳೆಗೆ ನೆನೆಯದಿರಲೆಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೊಂಟಕ್ಕೆ ಸುತ್ತುವ ಚಿತೆಂಜೆ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹೆಂಗಸರು ಬರುತ್ತಾರೆ. ತೂಕ, ಜ್ವರ, ಕೊಟ್ಟ ಮಾತ್ರೆ, ಎಲ್ಲದರ ಕೆಳಗೆ ಪೆನ್ನಿನಲ್ಲಿ ಮುಂದಿನ ಭೇಟಿಯ ದಿನಾಂಕ. ಎಚ್‌ಐವಿ ಔಷಧಿಯ ಒಂದು ಡಬ್ಬಿಯಲ್ಲಿ ತೊಂಬತ್ತು ಮಾತ್ರೆ ಇದ್ದರೆ, ಆ ದಿನಾಂಕ ಇವತ್ತಿನಿಂದ ತೊಂಬತ್ತು ದಿನದೊಳಗೆ ಬರಬೇಕು.